ಎಂಟು, ನಲವತ್ತು, ನಲವತ್ತನಾಲ್ಕು

1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆಯ ಹೊತ್ತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಟೆಲಿಟೈಪಿನ ಮುಂದೆ ಕೂತು 'ಎಲ್' ಅಕ್ಷರ ಒತ್ತಿದರು. ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ ಡುವಾಲ್ ತಮ್ಮ ಕಂಪ್ಯೂಟರನ್ನೇ ನೋಡುತ್ತ ಕಾದಿದ್ದರು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಎಲ್ ಬಂದಿತು. 'ಒ' ಒತ್ತಿದ್ದಾಯಿತು, ಅದೂ ಬಂದಿತು. 'ಜಿ' ಒತ್ತಿದ್ದೇ ತಡ, ಆ ಕಡೆಯ ಕಂಪ್ಯೂಟರ್ ಕುಸಿದು ನಿಂತಿತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟೆಲಿಟೈಪ್ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಕಳಿಸುತ್ತಿತ್ತು. ಬಂದ ಅಕ್ಷರಗಳನ್ನು ಒಂದು ಗಳಿಗೆ ಇಟ್ಟುಕೊಳ್ಳಲು ಮೆಮೊರಿಯಲ್ಲಿ ತೆಗೆದಿಟ್ಟ ಜಾಗ, ಅಂದರೆ ಬಫರ್, ಆ ವೇಗಕ್ಕೆ ತಕ್ಕಷ್ಟೇ ಇತ್ತು. ಹೊಸ ಜಾಲಕ್ಕೆ ಸೆಕೆಂಡಿಗೆ ಐದು ಸಾವಿರ ಅಕ್ಷರ ಸಾಗಿಸುವ ಶಕ್ತಿ ಇತ್ತು. ಬಫರ್ ತುಂಬಿ ಚೆಲ್ಲಿತು. ಡುವಾಲ್ ಅದನ್ನು ದೊಡ್ಡದು ಮಾಡಿದರು. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಇಂದಿನ ಇಂಟರ್ನೆಟ್ಟಿಗೆ ತಾಯಿಬೇರಾದ ಆರ್ಪಾನೆಟ್ ಕಣ್ಣು ಬಿಟ್ಟ ರಾತ್ರಿಯೇ ಎಡವಿದ್ದು ಮೆಮೊರಿಯ ಮೇಲೆ. ಸಾಲದ ಜಾಗವನ್ನು ಹೆಚ್ಚಿಸಿದರೆ ಮುಗಿಯಿತು ಎಂಬ ಆ ರಾತ್ರಿಯ ಮದ್ದು ಮಾತ್ರ ಮುಂದೆ ಕೈಕೊಟ್ಟಿತು. ಮೆಮೊರಿಯನ್ನು ಯಾರಿಗೆ ಕೊಡಬೇಕು, ಎಷ್ಟು ಹೊತ್ತು ಕೊಡಬೇಕು, ಯಾವಾಗ ಹಿಂದಕ್ಕೆ ಪಡೆಯಬೇಕು ಎನ್ನುವುದನ್ನು ಕಲಿಯಲು ಆ ಜಾಲ ಕಟ್ಟಿದವರಿಗೆ ಇನ್ನೂ ಹನ್ನೊಂದು ವರ್ಷ ಹಿಡಿಯಿತು.

ಆ ಇಬ್ಬರ ಕಂಪ್ಯೂಟರ್‌ಗಳ ನಡುವೆ ನಿಂತಿದ್ದ ಯಂತ್ರಗಳೇ ಈ ಕತೆಯ ಪಾತ್ರಧಾರಿಗಳು. 'ಇಂಪ್' ಎಂದು ಅವುಗಳನ್ನು ಕರೆಯುತ್ತಿದ್ದರು. ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜ್ ಊರಿನ ಬಿಬಿಎನ್ ಕಂಪನಿ ಹನಿವೆಲ್ 516 ಎಂಬ ಗಟ್ಟಿಮುಟ್ಟಾದ ಕಂಪ್ಯೂಟರನ್ನು ಮಾರ್ಪಡಿಸಿ ಇಂಪ್ ಮಾಡಿತ್ತು. ಒಂದೊಂದೂ ಆಳೆತ್ತರ, ನಾಲ್ಕು ಕ್ವಿಂಟಾಲಿಗೂ ಹೆಚ್ಚು ತೂಕ. ಇಂದಿನ ಸ್ವಿಚ್ಚುಗಳ, ರೌಟರುಗಳ ಮೂಲಪುರುಷ ಅದೇ. ಒಂದು ತಂತಿಯಿಂದ ಬಂದ ಪ್ಯಾಕೆಟ್ಟನ್ನು, ಅಂದರೆ ಸಂದೇಶದ ತುಂಡನ್ನು, ಹಿಡಿದು, ಎಲ್ಲಿಗೆ ಹೋಗಬೇಕೆಂದು ನೋಡಿ, ಇನ್ನೊಂದು ತಂತಿಗೆ ಹಾಕುವುದು ಅದರ ಕೆಲಸ. ಹಿಡಿಯುವುದಕ್ಕೂ ಹಾಕುವುದಕ್ಕೂ ನಡುವಿನ ಗಳಿಗೆಯಲ್ಲಿ ಪ್ಯಾಕೆಟ್ ಮೆಮೊರಿಯಲ್ಲಿ ಕೂತಿರಬೇಕು. ಮೆಮೊರಿ ಎಷ್ಟು? 16 ಬಿಟ್ಟಿನ ಹನ್ನೆರಡು ಸಾವಿರ ಪದಗಳು. ಇಂದಿನ ಲೆಕ್ಕದಲ್ಲಿ 24 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಅದರಲ್ಲೂ ದೊಡ್ಡ ಪಾಲು ಪ್ರೋಗ್ರಾಮಿಗೇ ಹೋಗಿ, ಉಳಿದದ್ದರಲ್ಲಿ ಬಫರ್‌ಗಳು.

ಫ್ರಾಂಕ್ ಹಾರ್ಟ್ ಮುಂದಾಳತ್ವದ ಬಿಬಿಎನ್ ತಂಡದಲ್ಲಿ ಪ್ರೋಗ್ರಾಮ್ ಬರೆದವರು ಮೂವರು: ವಿಲ್ ಕ್ರೌಥರ್, ಡೇವ್ ವಾಲ್ಡನ್, ಬರ್ನಿ ಕೊಸೆಲ್. ಮೂವರೂ ಅಸಾಧಾರಣರು. ಕ್ರೌಥರ್ ಬಂಡೆ ಹತ್ತುವ, ಗುಹೆ ಹೊಕ್ಕುವ ಹುಚ್ಚಿನವರು. ಒಂದೊಂದು ಪದವನ್ನೂ ಉಳಿಸಿ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅದೇ ತಂಡದಲ್ಲಿ ಬಾಬ್ ಕಾನ್ ಎಂಬ ಗಣಿತದ ಮನುಷ್ಯರಿದ್ದರು. ಮೇಷ್ಟರ ಕೆಲಸಕ್ಕೆ ರಜೆ ಹಾಕಿ ಎಂಐಟಿಯಿಂದ ಬಂದವರು. ಜಾಲದ ನಕ್ಷೆಯನ್ನು ಕಾಗದದ ಮೇಲೆ ಇಟ್ಟುಕೊಂಡು ಲೆಕ್ಕ ಹಾಕುತ್ತ ಹಾಕುತ್ತ ಅವರಿಗೊಂದು ಅನುಮಾನ ಬೇರೂರಿತು. ಯಾವ ಯಂತ್ರವೂ ಕೆಡದೆ, ಯಾವ ತಂತಿಯೂ ಕಡಿಯದೆ, ಎಲ್ಲರೂ ನಿಯಮದಂತೆ ನಡೆದುಕೊಳ್ಳುತ್ತಿರುವಾಗಲೇ ಇಡೀ ಜಾಲ ಒಮ್ಮೆಲೇ ಬಿಗಿದುಕೊಂಡು ನಿಲ್ಲಬಹುದು ಎಂಬ ಅನುಮಾನ.

ಸಹೋದ್ಯೋಗಿಗಳು ಒಪ್ಪಲಿಲ್ಲ. ಕಾಗದದ ಮೇಲೆ ಏನು ಬೇಕಾದರೂ ಆಗುತ್ತದೆ, ನಿಜದಲ್ಲಿ ಆಗುವುದಿಲ್ಲ ಎನ್ನುವುದು ಪ್ರೋಗ್ರಾಮ್ ಬರೆದವರ ನಿಲುವಾಗಿತ್ತು. ಅವರ ಮೇಲೂ ತಪ್ಪು ಹೊರಿಸುವಂತಿಲ್ಲ. ಗಡುವು ಹತ್ತಿರ ಬಂದಿತ್ತು, ಮೆಮೊರಿ ಅಷ್ಟೇ ಇತ್ತು, ಯಂತ್ರ ಕೆಲಸ ಮಾಡುತ್ತಿತ್ತು.

ಕಾನ್ ಕಂಡ ಅಪಾಯ ಏನೆಂಬುದನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗನ್ನು ಕಲ್ಪಿಸಿಕೊಂಡರೆ ಚೆನ್ನಾಗಿ ಅರ್ಥವಾಗುತ್ತದೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯಿಂದ ರೈತರ ಗೂಡು ಬರುತ್ತಿದೆ. ಒಬ್ಬೊಬ್ಬ ರೈತರದೂ ಎಂಟೆಂಟು ಮೂಟೆ. ಎಂಟೂ ಒಂದೇ ಬಸ್ಸಿನಲ್ಲಿ ಬರುವುದಿಲ್ಲ, ಸಿಕ್ಕ ಸಿಕ್ಕ ಬಸ್ಸಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಎಂಟು ಮೂಟೆಯೂ ಕೂಡಿದರೆ ಮಾತ್ರ ಲಾಟು ಹರಾಜಿಗೆ ಹೋಗುತ್ತದೆ ಎಂಬುದು ಅಲ್ಲಿನ ನಿಯಮ ಎಂದುಕೊಳ್ಳಬೇಕು. ಬಂದ ಮೂಟೆಯನ್ನು ಕಾಯಿಸದೆ ಖಾಲಿ ಜಾಲರಿಗೆ ಸುರಿಯುತ್ತಾರೆ. ಒಬ್ಬರದು ಆರು ಮೂಟೆ ಬಂದಿದೆ, ಇನ್ನೊಬ್ಬರದು ಏಳು, ಮತ್ತೊಬ್ಬರದು ಮೂರು. ಕೊನೆಯ ಜಾಲರಿಯೂ ತುಂಬಿತು. ಈಗ ಒಳಗಿರುವ ಯಾವ ಲಾಟೂ ಪೂರ್ತಿಯಾಗಿಲ್ಲ, ಆದ್ದರಿಂದ ಯಾವುದೂ ಹರಾಜಾಗಿ ಹೊರಗೆ ಹೋಗುವಂತಿಲ್ಲ. ಪೂರ್ತಿ ಮಾಡಬೇಕಾದ ಮೂಟೆ ಗೇಟಿನ ಹೊರಗೆ ನಿಂತಿದೆ. ಒಳಗೆ ಜಾಲರಿ ಖಾಲಿಯಿಲ್ಲದ್ದರಿಂದ ಅದೂ ಒಳಗೆ ಬರುವಂತಿಲ್ಲ. ಹಿಂದೆ ಬಸ್ಸುಗಳು ಸಾಲುಗಟ್ಟುತ್ತವೆ, ಸಾಲು ಊರ ರಸ್ತೆಗೆ ಚಾಚುತ್ತದೆ, ಈ ಮಾರುಕಟ್ಟೆಗೆ ಸಂಬಂಧವೇ ಇಲ್ಲದ ವಾಹನಗಳೂ ಸಿಕ್ಕಿಕೊಳ್ಳುತ್ತವೆ. ಯಾರೂ ತಪ್ಪು ಮಾಡಿಲ್ಲ. ಸಂಜೆಯಾದರೂ ಒಂದು ಗೂಡೂ ಕದಲುವುದಿಲ್ಲ.

ಆರ್ಪಾನೆಟ್ಟಿನಲ್ಲಿ ಸಂದೇಶವನ್ನು ಸುಮಾರು ಸಾವಿರ ಬಿಟ್ಟಿನ ತುಂಡುಗಳಾಗಿ ಒಡೆದು ಕಳಿಸುತ್ತಿದ್ದರು. ಒಂದು ಸಂದೇಶಕ್ಕೆ ಹೆಚ್ಚೆಂದರೆ ಎಂಟು ಪ್ಯಾಕೆಟ್. ಸೇರಬೇಕಾದ ಊರಿನ ಇಂಪ್ ಎಂಟನ್ನೂ ಕೂಡಿಸಿ, ಸಂದೇಶ ಪೂರ್ತಿಯಾದ ಮೇಲಷ್ಟೇ ಅಲ್ಲಿನ ಕಂಪ್ಯೂಟರಿಗೆ ದಾಟಿಸುತ್ತಿತ್ತು. ಜಾಗ ಇದೆಯೇ ಎಂದು ಮೊದಲೇ ಯಾರೂ ಕೇಳುತ್ತಿರಲಿಲ್ಲ.

1970ರ ಆರಂಭದಲ್ಲಿ ಕಾನ್ ಮತ್ತು ವಾಲ್ಡನ್ ಲಾಸ್ ಏಂಜಲೀಸಿಗೆ ವಿಮಾನ ಹತ್ತಿದರು. ನಾಲ್ಕನೆಯ ಇಂಪ್ ಯೂಟಾ ವಿಶ್ವವಿದ್ಯಾಲಯಕ್ಕೆ ಆಗತಾನೆ ಬಂದಿತ್ತು. ಜಾಲವೆಂದರೆ ಆಗ ನಾಲ್ಕೇ ಊರು. ವಾದದಿಂದ ಗೆಲ್ಲಲಾಗದ್ದನ್ನು ಮಾಡಿ ತೋರಿಸಿಯೇ ಗೆಲ್ಲಬೇಕೆಂದು ಕಾನ್ ನಿರ್ಧರಿಸಿದ್ದರು. ಲಿಯೊನಾರ್ಡ್ ಕ್ಲೈನ್‌ರಾಕ್ ಅವರ, ಜಾಲದ ನಡೆಯನ್ನು ಅಳೆಯುವ ಅಳತೆ ಕೇಂದ್ರ ಲಾಸ್ ಏಂಜಲೀಸಿನಲ್ಲಿತ್ತು. ಅಲ್ಲಿದ್ದ ವಿಂಟ್ ಸರ್ಫ್ ಎಂಬ ವಿದ್ಯಾರ್ಥಿಗೆ ಕಾನ್ ತಮಗೆ ಬೇಕಾದ ಬಗೆಯ ಪ್ಯಾಕೆಟ್ ಸಂಚಾರವನ್ನು ವಿವರಿಸುತ್ತಿದ್ದರು, ಸರ್ಫ್ ಅದನ್ನು ಹುಟ್ಟಿಸುವ ಪ್ರೋಗ್ರಾಮ್ ಬರೆಯುತ್ತಿದ್ದರು. ಮುಂದೆ ಇಂಟರ್ನೆಟ್ಟಿನ ಮೂಲ ನಿಯಮವಾದ ಟಿಸಿಪಿಯನ್ನು ಬರೆಯಲಿದ್ದ ಜೋಡಿ ಮೊದಲು ಕೂಡಿದ್ದು ಹೀಗೆ, ಒಂದು ಜಾಲವನ್ನು ಬೇಕೆಂದೇ ಕೆಡವುವ ಕೆಲಸಕ್ಕೆ.

ಮೊದಲ ಪರೀಕ್ಷೆಯೇ ಬಿಗಿತದ ಪರೀಕ್ಷೆ. ಪ್ಯಾಕೆಟ್‌ಗಳು ಹೊರಟವು. ಹನ್ನೆರಡು ಪ್ಯಾಕೆಟ್ ಹೋಗುವಷ್ಟರಲ್ಲಿ ಜಾಲ ಸ್ತಬ್ಧವಾಯಿತೆಂದು ಕಾನ್ ಮುಂದೆ ನೆನೆದರು. ಸೇರುವ ಇಂಪಿನ ಬಫರ್‌ಗಳಲ್ಲಿ ಅರ್ಧಂಬರ್ಧ ಸಂದೇಶಗಳು ಕೂತಿದ್ದವು. ಅವನ್ನು ಪೂರ್ತಿ ಮಾಡಬೇಕಾದ ತುಂಡುಗಳು ಪಕ್ಕದ ಇಂಪಿನ ಬಫರ್‌ಗಳಲ್ಲಿ ಸಿಕ್ಕಿಬಿದ್ದಿದ್ದವು. ಕಾಗದದ ಮೇಲಿನ ಅನುಮಾನ ಕಣ್ಣೆದುರು ನಡೆಯಿತು. ಪ್ರೋಗ್ರಾಮ್ ಬರೆದ ವಾಲ್ಡನ್ ಪಕ್ಕದಲ್ಲೇ ಇದ್ದು ನೋಡಿದರು.

ಮದ್ದು ಹುಡುಕುವುದು ಸುಲಭವಾಗಲಿಲ್ಲ. ಮೆಮೊರಿ ಹೆಚ್ಚಿಸುವುದರಿಂದ ಬಿಗಿತ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೆ. ಎಷ್ಟು ಬಫರ್ ಕೊಟ್ಟರೂ ಅರೆಬರೆ ಸಂದೇಶಗಳು ಅಷ್ಟನ್ನೂ ತುಂಬಬಲ್ಲವು. ಕಡೆಗೆ ಕಾನ್ ಮತ್ತು ಹಿಂದೆ ಅವರ ಮಾತನ್ನು ಒಪ್ಪದಿದ್ದ ಕ್ರೌಥರ್ ಇಬ್ಬರೂ ಕೂಡಿಯೇ ಈ ವಿಷಯದ ಪ್ರಬಂಧ ಬರೆದರು; 1972ರಲ್ಲಿ ಅದು ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದಿತು. ಇಂಪ್‌ಗಳ ಪ್ರೋಗ್ರಾಮನ್ನೇ ತಿದ್ದಲಾಯಿತು. ಇನ್ನು ಮೇಲೆ ಒಂದಕ್ಕಿಂತ ಹೆಚ್ಚು ಪ್ಯಾಕೆಟ್ಟಿನ ಸಂದೇಶ ಹೊರಡುವ ಮೊದಲು, ಕಳಿಸುವ ಇಂಪ್ ಸೇರುವ ಇಂಪಿಗೆ ಒಂದು ಪುಟ್ಟ ಕೋರಿಕೆ ಕಳಿಸಬೇಕು: ಎಂಟು ಪ್ಯಾಕೆಟ್ಟಿಗೆ ಜಾಗ ಬೇಕು. ಆ ಕಡೆಯಿಂದ 'ತೆಗೆದಿಟ್ಟಿದೆ' ಎಂಬ ಉತ್ತರ ಬಂದ ಮೇಲೆಯೇ ಮೊದಲ ಪ್ಯಾಕೆಟ್ ಹೊಸಿಲು ದಾಟಬೇಕು. ಶಿಡ್ಲಘಟ್ಟದ ಆ ಬೆಳಗಿಗೂ ಅದೇ ಮದ್ದು ಸಾಕು. ಎಂಟು ಮೂಟೆಯ ಜಾಲರಿಗೆ ಚೀಟಿ ಪಡೆದ ಮೇಲೆಯೇ ಮನೆಯಿಂದ ಹೊರಡುವುದು.

ಸಮಸ್ಯೆ ಮುಗಿಯಿತೆಂದು ಎಲ್ಲರೂ ನಂಬಿದರು. 1973ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹತ್ತಿರವಿದ್ದಾಗ, ಜಾಲ ಮತ್ತೆ ಬಿಗಿದುಕೊಂಡಿತು. ಈ ಬಾರಿ ಯಾರೂ ಕೆಡವಲು ಹೊರಟಿರಲಿಲ್ಲ. ಲಾಸ್ ಏಂಜಲೀಸಿನ ಅಳತೆ ಕೇಂದ್ರದವರು ಎಲ್ಲ ಊರಿನ ಇಂಪ್‌ಗಳಿಂದ ಅವುಗಳ ಸ್ಥಿತಿಗತಿಯ ವರದಿಯನ್ನು ಏಕಕಾಲಕ್ಕೆ ತರಿಸಿಕೊಳ್ಳುತ್ತಿದ್ದರು. ವರದಿಗಳು ಬಂದವು. ಅವಕ್ಕೆಂದು ಬಫರ್‌ಗಳನ್ನು ನಿಯಮದಂತೆ ಮೀಸಲಿಟ್ಟೂ ಆಗಿತ್ತು. ಆದರೆ ಯಾವ ಸಂದೇಶದ ಎಷ್ಟನೆಯ ತುಂಡು ಬಂದಿದೆ ಎಂದು ಗುರುತಿಟ್ಟುಕೊಳ್ಳಲು ಪ್ರತಿ ಸಂದೇಶಕ್ಕೂ ಇನ್ನೊಂದು ಸಣ್ಣ ತುಣುಕು ಮೆಮೊರಿ ಬೇಕಿತ್ತು. ಅಂಥ ತುಣುಕುಗಳು ಮುಗಿದುಹೋಗಿದ್ದವು. ದೊಡ್ಡ ಜಾಗಕ್ಕೆ ಮೀಸಲಾತಿ ಇತ್ತು, ಅದರ ಲೆಕ್ಕ ಬರೆಯುವ ಸಣ್ಣ ಜಾಗಕ್ಕೆ ಇರಲಿಲ್ಲ. ಬಹುಕಾಲ ಅಡಗಿಕೊಂಡಿದ್ದ ಈ ದೋಷಕ್ಕೆ 'ಕ್ರಿಸ್‌ಮಸ್ ಲಾಕಪ್' ಎಂದೇ ಹೆಸರು ಬಿದ್ದಿತು.

ಅದೇ ವರ್ಷ ಜಾಲ ಅಮೆರಿಕದ ಗಡಿ ದಾಟಿತ್ತು. ಅದು ಮೊದಲು ಹೋದದ್ದು ನಾರ್ವೆಗೆ, ಅಲ್ಲಿನ ನಾರ್ಸಾರ್ ಭೂಕಂಪ ಕೇಂದ್ರದ ದೆಸೆಯಿಂದ. ಬೇರೆ ದೇಶಗಳ ಭೂಗರ್ಭ ಅಣುಪರೀಕ್ಷೆಯ ನಡುಕವನ್ನು ಹಿಡಿಯುವುದು ಆ ಕೇಂದ್ರದ ಕೆಲಸ. ಬ್ರಿಟನ್ನಿನ ಸಹಕಾರದಲ್ಲಿ 1965ರಲ್ಲಿ ಗೌರಿಬಿದನೂರಿನಲ್ಲಿ ಎದ್ದ, ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುವ ಭೂಕಂಪಮಾಪಕಗಳ ಸಾಲು ಕೂಡ ಅದೇ ಕಸುಬಿನದು. ಹಗಲಿರುಳೂ ಬಿಡದೆ ಅಂಕಿ ಸುರಿಸುವ ಇಂಥ ಕೇಂದ್ರಗಳು ಸೇರಿಕೊಂಡ ಮೇಲೆ ಜಾಲವನ್ನು ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರುಮಾಡುವ ಮಾತೇ ಇರಲಿಲ್ಲ. ಇಂಪ್‌ಗಳು ತಿಂಗಳುಗಟ್ಟಲೆ, ಕಾಯುವವರಿಲ್ಲದೆ, ಬೀಗ ಹಾಕಿದ ಕೋಣೆಗಳಲ್ಲಿ ಓಡುತ್ತಲೇ ಇರಬೇಕಿತ್ತು.

ಹಾಗೆ ಓಡುವ ಯಂತ್ರಗಳಲ್ಲಿ ಮೆಮೊರಿಯೇ ಸುಳ್ಳು ಹೇಳತೊಡಗಿದರೆ? ಎಪ್ಪತ್ತರ ದಶಕದ ಆರಂಭದಲ್ಲೇ ಅದರ ರುಚಿಯೂ ಸಿಕ್ಕಿತ್ತು. ಹಾರ್ವರ್ಡಿನ ಇಂಪಿನಲ್ಲಿ ಮೆಮೊರಿಯ ಒಂದು ಭಾಗ ಕೆಟ್ಟು, ದಾರಿಯ ದೂರಗಳನ್ನು ಬರೆದಿಟ್ಟ ಪಟ್ಟಿ ಪೂರಾ ಸೊನ್ನೆಯಾಯಿತು. ಎಲ್ಲ ಊರೂ ತನ್ನಿಂದ ಸೊನ್ನೆ ದೂರ ಎಂದು ಅದು ನೆರೆಯವರಿಗೆ ಸಾರಿತು. ನೆರೆಯವರು ನಂಬಿ ತಮ್ಮ ನೆರೆಯವರಿಗೆ ಹೇಳಿದರು. ಜಾಲದ ಪ್ಯಾಕೆಟ್‌ಗಳೆಲ್ಲ ಹಾರ್ವರ್ಡಿನತ್ತ ಹರಿದು ಅಲ್ಲೇ ಕಾಣೆಯಾದವು. ಆಮೇಲೆ ಇಂಥ ಪಟ್ಟಿ ಕೆಟ್ಟಿದೆಯೇ ಎಂದು ಕೂಡಿ ನೋಡುವ ಪರೀಕ್ಷೆಯನ್ನು ಪ್ರೋಗ್ರಾಮಿಗೆ ಸೇರಿಸಿದರು. ದಾರಿ ಹುಡುಕುವ ಕ್ರಮವನ್ನೂ ಆ ದಶಕದ ಕೊನೆಗೆ ಬದಲಿಸಿದರು. ಹೊಸ ಕ್ರಮದಲ್ಲಿ ಪ್ರತಿ ಇಂಪ್ ತನ್ನ ತಂತಿಗಳ ಸ್ಥಿತಿಯನ್ನಷ್ಟೇ ಒಂದು ಸುದ್ದಿಯಾಗಿ ಮಾಡಿ, ಕ್ರಮಸಂಖ್ಯೆ ಹಾಕಿ, ಎಲ್ಲರಿಗೂ ಹಂಚುತ್ತಿತ್ತು. ಸುದ್ದಿ ಸಿಕ್ಕವರು ಅದರ ಸಂಖ್ಯೆ ನೋಡಿ, ತಮ್ಮಲ್ಲಿರುವುದಕ್ಕಿಂತ ಹೊಸದಾದರೆ ಇಟ್ಟುಕೊಂಡು ಎಲ್ಲ ನೆರೆಯವರಿಗೂ ದಾಟಿಸುತ್ತಿದ್ದರು, ಹಳೆಯದಾದರೆ ಬಿಸಾಡುತ್ತಿದ್ದರು. ಅಷ್ಟರಲ್ಲಾಗಲೇ ಜಾಲ ಒಟ್ಟಾಗಿ ಕೆಟ್ಟು ವರ್ಷಗಳೇ ಆಗಿದ್ದವು.

1980ರ ಅಕ್ಟೋಬರ್ 27ರಂದು ಅದು ಮತ್ತೆ ಕೆಟ್ಟಿತು. ಅಮೆರಿಕದ ಹಲವು ಕಡೆಗಳಿಂದ ದೂರುಗಳು ಬರತೊಡಗಿದವು. ಕೇಂಬ್ರಿಡ್ಜಿನ ಜಾಲ ನಿಯಂತ್ರಣ ಕೇಂದ್ರದಲ್ಲಿ ತಂತಿ ತಂತಿಯೂ ಸತ್ತಿದೆ ಎಂಬ ವರದಿ ಬರುತ್ತಿತ್ತು. ಅಷ್ಟೊಂದು ತಂತಿಗಳು ಒಮ್ಮೆಲೇ ಸಾಯುವುದು ನಂಬುವ ಮಾತಲ್ಲ. ತಂತಿಗಳು ನಿಜಕ್ಕೂ ಜೀವಂತವಾಗಿಯೇ ಇದ್ದವು. ಎರಡು ತುದಿಯ ಇಂಪ್‌ಗಳು ಆಗಾಗ ಒಂದನ್ನೊಂದು ಮಾತಾಡಿಸಿ ತಂತಿ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಆ ಸಣ್ಣ ಕೆಲಸಕ್ಕೂ ಅವುಗಳಿಗೆ ಬಿಡುವಿರಲಿಲ್ಲ. ಅದಕ್ಕಿಂತ ಮೇಲಿನ ಆದ್ಯತೆಯ ಯಾವುದೋ ಕೆಲಸ ಪ್ರತಿಯೊಂದು ಇಂಪಿನ ಸಮಯವನ್ನೂ ಪೂರ್ತಿ ನುಂಗುತ್ತಿತ್ತು.

ಒಂದು ಇಂಪನ್ನು ನಿಲ್ಲಿಸಿ ಮತ್ತೆ ಓಡಿಸಿದರೆ ಪ್ರಯೋಜನವಿರಲಿಲ್ಲ. ಎದ್ದ ಕೂಡಲೇ ನೆರೆಯವು ಅದಕ್ಕೆ ಅದೇ ರೋಗವನ್ನು ದಾಟಿಸುತ್ತಿದ್ದವು. ಬಿಬಿಎನ್ನಿನವರು ಓಡುತ್ತಿರುವ ಇಂಪ್‌ಗಳ ಮೆಮೊರಿಯ ಪ್ರತಿಯನ್ನು, ಡಂಪ್ ಎನ್ನುತ್ತಾರಲ್ಲ ಅದನ್ನು, ತೆಗೆದು ಓದಲು ಕೂತರು.

ಈ ಹೆಜ್ಜೆಯ ಬೆಲೆ ಸ್ವಿಚ್ಚು ನೋಡಿಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ಇಂದು ಚಿಕ್ಕಬಳ್ಳಾಪುರದ ಕಚೇರಿಯಲ್ಲಾಗಲಿ ಚಿಂತಾಮಣಿಯ ಬ್ಯಾಂಕಿನಲ್ಲಾಗಲಿ, ತಿಂಗಳುಗಟ್ಟಲೆ ಆರದೆ ಓಡಿದ ಸ್ವಿಚ್ಚೊಂದರ ಲಾಗ್‌ನಲ್ಲಿ ಒಂದು ದಿನ 'ಮೆಮೊರಿ ಅಲೊಕೇಶನ್ ಫೇಲ್ಡ್' ಎಂಬ ಸಾಲು ಕಾಣಿಸಿಕೊಳ್ಳಬಹುದು. ಇಷ್ಟು ಬೈಟ್ ಕೇಳಿದೆ, ಸಿಗಲಿಲ್ಲ ಎಂಬುದು ಅದರ ಅಳಲು. ವಿಚಿತ್ರವೆಂದರೆ ಅದೇ ಸಾಲಿನಲ್ಲಿ ಖಾಲಿ ಮೆಮೊರಿ ಕೇಳಿದ್ದಕ್ಕಿಂತ ಹೆಚ್ಚೇ ಇದೆ ಎಂದು ಬರೆದಿರುವುದೂ ಉಂಟು. ಖಾಲಿ ಇದೆ, ಆದರೆ ಚೂರುಚೂರಾಗಿ ಹರಡಿದೆ. ಕೇಳಿದಷ್ಟು ದೊಡ್ಡ ತುಂಡು ಒಂದೇ ಕಡೆ ಇಲ್ಲ. ಇಲ್ಲವೇ ಯಾವುದೋ ಪ್ರೋಗ್ರಾಮ್ ಪಡೆದ ಜಾಗವನ್ನು ಹಿಂದಿರುಗಿಸದೆ ದಿನಕ್ಕಿಷ್ಟು ನುಂಗುತ್ತ ಬಂದಿದೆ. ಸ್ವಿಚ್ಚನ್ನು ಆರಿಸಿ ಹೊತ್ತಿಸಿದರೆ ಎರಡೂ ತಕ್ಷಣ ಮಾಯ. ಸಾಕ್ಷಿಯೂ ಮಾಯ. ಕೆಲವು ತಿಂಗಳ ನಂತರ ಅದೇ ಸಾಲು ಮತ್ತೆ ಕಾಣುತ್ತದೆ. ಆರಿಸುವ ಮುನ್ನ ಅತಿ ದೊಡ್ಡ ಖಾಲಿ ತುಂಡು ಎಷ್ಟಿದೆ, ಯಾವ ಪ್ರೋಗ್ರಾಮ್ ಎಷ್ಟು ಹಿಡಿದಿದೆ ಎಂದು ಬರೆದಿಟ್ಟುಕೊಂಡವರಿಗೆ ಮಾತ್ರ ಮೂಲ ಸಿಗುತ್ತದೆ. 1980ರ ಆ ದಿನ ಕೇಂಬ್ರಿಡ್ಜಿನವರು ಮಾಡಿದ್ದೂ ಅದನ್ನೇ.

ಡಂಪುಗಳಲ್ಲಿ ಇಂಪ್‌ಗಳ ಬಫರ್‌ಗಳು ಸರದಿ ಕಾಯುವ ಸುದ್ದಿಗಳಿಂದ ತುಂಬಿದ್ದವು. ಇನ್ನಷ್ಟು ನೋಡಿದಾಗ ಅಚ್ಚರಿ ಕಾದಿತ್ತು. ಅಷ್ಟೂ ಸುದ್ದಿಗಳು ಒಂದೇ ಇಂಪಿನಿಂದ ಹೊರಟಿದ್ದವು, 50ನೆಯದರಿಂದ. ಅದಕ್ಕಿಂತ ದೊಡ್ಡ ಅಚ್ಚರಿ ಬೇರೆ ಇತ್ತು: 50ನೆಯ ಇಂಪ್ ಆಗ ಜಾಲದಲ್ಲೇ ಇರಲಿಲ್ಲ. ಗಲಾಟೆ ಶುರುವಾಗುವ ತುಸು ಮೊದಲು ಕೆಟ್ಟು ಹೊರಬಿದ್ದಿತ್ತು. ಬಾಯಿಲ್ಲದ ಯಂತ್ರದ ಮಾತು ಇಡೀ ಜಾಲವನ್ನು ತುಂಬಿತ್ತು. ಅದರ ನೆರೆಯ 29ನೆಯ ಇಂಪಿನ ಆರೋಗ್ಯವೂ ಸರಿಯಿರಲಿಲ್ಲ. ಅದರ ಯಂತ್ರಭಾಗದಲ್ಲಿ ಬಿಟ್‌ಗಳು ಉದುರುತ್ತಿದ್ದವು. ಆದರೂ ಅದು ಹೇಗೋ ಓಡುತ್ತಲೇ ಇತ್ತು.

ಹೀಗೇಕೆ ಆಯಿತೆಂದು ಯಾರಿಗೂ ಇನ್ನೂ ಹೊಳೆದಿರಲಿಲ್ಲ. ಆದರೆ ಜಾಲವನ್ನು ಎಬ್ಬಿಸಲು ಅಷ್ಟು ಸಾಕಿತ್ತು. 50ನೆಯ ಇಂಪಿನ ಹೆಸರಿನಲ್ಲಿ ಬರುವ ಸುದ್ದಿಯನ್ನು ಕಣ್ಣೆತ್ತಿಯೂ ನೋಡದೆ ಬಿಸಾಡಬೇಕು ಎಂಬ ಸಣ್ಣ ತಿದ್ದುಪಡಿಯನ್ನು ಪ್ರತಿ ಇಂಪಿಗೂ ಹಾಕಿದರಾಯಿತು. ಹಾಕುವುದು ಹೇಗೆ? ಇಂಪ್‌ಗಳ ಬಳಿ ಆಳುಗಳಿಲ್ಲ. ಅವನ್ನು ಮುಟ್ಟಲು ಇರುವ ದಾರಿ ಒಂದೇ, ಅದೇ ಬಿದ್ದುಹೋದ ಜಾಲ. ಎಂದಿನ ದಿನವಾದರೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಅಂಥ ಸ್ಥಿತಿಯಲ್ಲಿ ಮೂರು ನಾಲ್ಕು ಗಂಟೆಗಳೇ ಬೇಕು. ಕಾಯಿಲೆ ಬಿದ್ದ ಜಾಲದ ಸಂದಿಗೊಂದಿಗಳಲ್ಲಿ ನುಸುಳುತ್ತ ತಿದ್ದುಪಡಿ ಇಂಪಿನಿಂದ ಇಂಪಿಗೆ ಹೋಯಿತು. ಜಾಲ ಎದ್ದು ಕೂತಿತು.

ಎಷ್ಟೋ ಕಡೆ ತನಿಖೆ ಇಲ್ಲಿಗೇ ಮುಗಿಯುತ್ತದೆ. ಜಾಲ ಓಡುತ್ತಿದೆ, ಜನ ದೂರುತ್ತಿಲ್ಲ, ಮುಂದೆ ನೋಡೋಣ ಎಂದು ಎದ್ದು ಹೋಗುತ್ತಾರೆ. ಬಿಬಿಎನ್ನಿನ ಎರಿಕ್ ರೋಸೆನ್ ಮತ್ತು ಸಂಗಡಿಗರು ಹಾಗೆ ಮಾಡದೆ ಡಂಪುಗಳನ್ನು ಇನ್ನಷ್ಟು ಹತ್ತಿರದಿಂದ ಓದಿದರು. ರೋಸೆನ್ 1981ರ ಜುಲೈಯಲ್ಲಿ ಹೊರತಂದ ವರದಿ, ತಮ್ಮದೇ ಜಾಲದ ಹುಳುಕನ್ನು ಮುಚ್ಚಿಡದೆ ಬಿಡಿಸಿಟ್ಟ ಬರಹಗಳಲ್ಲಿ ಇಂದಿಗೂ ಮೇಲ್ಪಂಕ್ತಿ. ಸರದಿಯಲ್ಲಿದ್ದ ಸುದ್ದಿಗಳ ಕ್ರಮಸಂಖ್ಯೆಗಳನ್ನು ಒಂದರ ಕೆಳಗೊಂದು ನೋಡಿದಾಗ ಕಂಡದ್ದು ಇದು: 8, 40, 44, 8, 40, 44, 8, 40, 44. ಬೇರೆ ಸಂಖ್ಯೆಯೇ ಇಲ್ಲ. ಮೂರೇ ಸುದ್ದಿಗಳು, ಒಂದರ ಹಿಂದೊಂದು, ಕೊನೆಯಿಲ್ಲದೆ.

ಕ್ರಮಸಂಖ್ಯೆಗೆ ಕೊಟ್ಟಿದ್ದ ಜಾಗ ಆರೇ ಬಿಟ್. ಸೊನ್ನೆಯಿಂದ 63ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರಬೇಕು. ಸಂಖ್ಯೆಗಳು ಸುತ್ತುವುದರಿಂದ ದೊಡ್ಡದೆಲ್ಲ ಹೊಸದು ಎನ್ನುವಂತಿಲ್ಲ. ಹಾಗಾಗಿ ಒಂದು ನಿಯಮವಿತ್ತು: ಮುಂದಕ್ಕೆ ಎಣಿಸಿದಾಗ 32 ಹೆಜ್ಜೆಯೊಳಗೆ ಸಿಗುವ ಸಂಖ್ಯೆ ಹೊಸದು. 8ರಿಂದ 40ಕ್ಕೆ ಸರಿಯಾಗಿ 32 ಹೆಜ್ಜೆ, 40 ಹೊಸದು. 40ರಿಂದ 44ಕ್ಕೆ ನಾಲ್ಕು ಹೆಜ್ಜೆ. 44 ಇನ್ನೂ ಹೊಸದು. 44ರಿಂದ 63 ದಾಟಿ ಸೊನ್ನೆಗೆ ಬಂದು 8ನ್ನು ಮುಟ್ಟಲು 28 ಹೆಜ್ಜೆ. 8 ಅದಕ್ಕಿಂತಲೂ ಹೊಸದು! ಮೂರರಲ್ಲಿ ಯಾವುದು ಬಂದರೂ ಇಂಪಿಗೆ ಅದು ಹೊಸ ಸುದ್ದಿಯೇ. ಇಟ್ಟುಕೊಂಡು ಎಲ್ಲ ನೆರೆಯವರಿಗೂ ದಾಟಿಸುತ್ತದೆ. ಅವರಿಂದ ಮುಂದಿನದು ಬರುತ್ತದೆ, ಅದೂ ಹೊಸದು. ಹಳೆಯ ಸುದ್ದಿಗೆ ವಯಸ್ಸಾಗಿ ಅದು ತಾನಾಗಿ ಅಳಿಯುವ ಏರ್ಪಾಡು ಇತ್ತು ನಿಜ. ಆದರೆ ಸುದ್ದಿ ಮೆಮೊರಿಯಲ್ಲಿ ಕೆಲವು ಸೆಕೆಂಡು ಕೂತಿದ್ದರೆ ಮಾತ್ರ ವಯಸ್ಸಿನ ಲೆಕ್ಕ ಮುಂದೆ ಹೋಗುತ್ತಿತ್ತು. ಇಲ್ಲಿ ಒಂದು ಕೂರುವಷ್ಟರಲ್ಲಿ ಇನ್ನೊಂದು ಬಂದು ಎಬ್ಬಿಸುತ್ತಿತ್ತು. ಯಾವುದಕ್ಕೂ ವಯಸ್ಸಾಗಲೇ ಇಲ್ಲ.

ಒಂದೇ ಇಂಪಿನ ಇಷ್ಟು ದೂರದೂರದ ಮೂರು ಸಂಖ್ಯೆಗಳು ಒಟ್ಟಿಗೆ ಬದುಕಿದ್ದು ಹೇಗೆ? ಅವನ್ನು ಬಿಟ್‌ಗಳಲ್ಲಿ ಬರೆದಾಗ ಉತ್ತರ ಎದ್ದು ಕಂಡಿತು. 44 ಎಂದರೆ 101100. ಅದರಲ್ಲಿ ಒಂದು ಬಿಟ್ ಉದುರಿದರೆ 101000, ಅಂದರೆ 40. ಮತ್ತೊಂದು ಉದುರಿದರೆ 001000, ಅಂದರೆ 8. ಬಿಟ್ ಉದುರಿಸುತ್ತಿದ್ದ 29ನೆಯ ಇಂಪ್ ನೆರೆಯವನ ಒಂದೇ ಸುದ್ದಿಯನ್ನು ಮೂರು ಮಾಡಿ ಹಂಚಿತ್ತು. ತಂತಿಯ ಮೇಲೆ ಆಗುವ ತಪ್ಪನ್ನು ಹಿಡಿಯಲು ಪರೀಕ್ಷೆಯಿತ್ತು. ಪೆಟ್ಟಿಗೆಯೊಳಗೇ ಉದುರಿದ ಬಿಟ್ಟನ್ನು ಅದು ಹಿಡಿಯಲಿಲ್ಲ. ಉಳಿದ ಇಂಪ್‌ಗಳಲ್ಲಿ ಒಂದರಲ್ಲೂ ದೋಷವಿರಲಿಲ್ಲ. ಅವೆಲ್ಲ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಜಾಲ ಮುಳುಗಿತು.

ರೇಡಿಯಾ ಪರ್ಲ್‌ಮನ್ ಅವರನ್ನು ಈ ಮೂರು ಸಂಖ್ಯೆಗಳು ಬಿಡಲಿಲ್ಲ. ಹಿಂದೆ ಬಿಬಿಎನ್ನಿನಲ್ಲೇ ದುಡಿದಿದ್ದವರು. ಇಂದಿನ ಸ್ವಿಚ್ಚುಗಳು ಸುತ್ತುಬಳಸಿ ಸಿಕ್ಕಿಕೊಳ್ಳದಂತೆ ಕಾಯುವ 'ಸ್ಪ್ಯಾನಿಂಗ್ ಟ್ರೀ' ವಿಧಾನವನ್ನು ಕೆಲವು ವರ್ಷಗಳಲ್ಲೇ ಕಂಡುಹಿಡಿದವರೂ ಅವರೇ. ಕೆಟ್ಟ ಯಂತ್ರ ಎದ್ದುಹೋದ ಮೇಲೂ ಅದು ಬಿಟ್ಟ ಕೆಡುಕು ಉಳಿಯುವ ಜಾಲವನ್ನು ಅವರು ಒಪ್ಪಲು ಸಿದ್ಧರಿರಲಿಲ್ಲ. ಯಾರೋ ಕೂತು ಡಂಪ್ ಓದಿ, ಊರೂರಿಗೆ ತಿದ್ದುಪಡಿ ಕಳಿಸುವವರೆಗೆ ಕಾಯದೆ ಜಾಲ ತಾನಾಗಿಯೇ ಚೇತರಿಸಿಕೊಳ್ಳಬೇಕು ಎಂದು ಹಟ ಹಿಡಿದು, 1983ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿದರು. ಸಂಖ್ಯೆ ಸುತ್ತಬಾರದು, ಮುಗಿಯಲಾರದಷ್ಟು ಉದ್ದವಾಗಿರಬೇಕು. ಸುದ್ದಿ ಎಷ್ಟೇ ಅವಸರದಲ್ಲಿ ಹಾದು ಹೋಗಲಿ, ಪ್ರತಿ ಸ್ವಿಚ್ಚೂ ಅದರ ಆಯುಸ್ಸಿನಿಂದ ಕನಿಷ್ಠ ಒಂದನ್ನಾದರೂ ಕಳೆದೇ ದಾಟಿಸಬೇಕು. ಆಯುಸ್ಸು ಮುಗಿದದ್ದನ್ನು ಎಲ್ಲರೂ ಒಟ್ಟಾಗಿ ಬಿಸಾಡಬೇಕು.

1989ರಲ್ಲಿ ಬಂದ ಒಎಸ್‌ಪಿಎಫ್ ಎಂಬ ದಾರಿ ಹುಡುಕುವ ಕ್ರಮ ಇದೇ ದಾರಿಯಲ್ಲಿ ನಡೆಯಿತು. ಅದರಲ್ಲಿ ಕ್ರಮಸಂಖ್ಯೆಗೆ ಆರು ಬಿಟ್ಟಿನ ಬದಲು 32 ಬಿಟ್ ಇದೆ, 400 ಕೋಟಿಗೂ ಹೆಚ್ಚು ಸಂಖ್ಯೆಗಳು. ಸುದ್ದಿ ಹೊರಡಿಸಿದವರು 1,800 ಸೆಕೆಂಡಿಗೊಮ್ಮೆ ಅದನ್ನು ಹೊಸದಾಗಿ ಹೇಳುತ್ತಿರಬೇಕು. ಹೇಳದೆ 3,600 ಸೆಕೆಂಡ್ ತುಂಬಿದ ಸುದ್ದಿಯನ್ನು, ಅದು ಯಾರ ಹೆಸರಿನಲ್ಲೇ ಇರಲಿ, ಪ್ರತಿ ಸ್ವಿಚ್ಚೂ ಮೆಮೊರಿಯಿಂದ ತೆಗೆದು ಹಾಕಿ ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ.